ಸಿಕ್ಕಿಬಿದ್ದ ಎಳೆಗಳು: ಡೀಬಗ್ಗರ್ ನಡೆದುಬಂದ ದಾರಿ

ನೀವು ಬರೆದ ಪ್ರೋಗ್ರಾಂ ಒಂದು ಓಡುತ್ತಿದೆ ಎಂದುಕೊಳ್ಳಿ. ಹತ್ತು ಸಲ ಓಡಿಸಿದಾಗಲೂ ಅದು ಸರಿಯಾದ ಉತ್ತರವನ್ನೇ ಕೊಟ್ಟಿದೆ. ಹನ್ನೊಂದನೆಯ ಸಲ ನಡುದಾರಿಯಲ್ಲಿ ನಿಂತುಬಿಡುತ್ತದೆ. ದೋಷ ಸಂದೇಶವಿಲ್ಲ, ಉತ್ತರವೂ ಇಲ್ಲ. ಕರ್ಸರ್ ಮಾತ್ರ ಮಿನುಗುತ್ತಿದೆ. ಆಗ ನಾವು ಸಾಮಾನ್ಯವಾಗಿ ಮಾಡುವುದೇನು? ಪ್ರೋಗ್ರಾಂ ಅನ್ನು ಅಲ್ಲಿಗೇ ಮುಗಿಸಿ ಮತ್ತೊಮ್ಮೆ ಓಡಿಸುತ್ತೇವೆ. ಈ ಸಲ ಅದು ಸರಾಗವಾಗಿ ಓಡುತ್ತದೆ. 'ಸದ್ಯ, ಸರಿಹೋಯಿತು' ಎಂದುಕೊಳ್ಳುತ್ತೇವೆ. ನಿಜಕ್ಕೂ ಏನೂ ಸರಿಹೋಗಿಲ್ಲ. ದೋಷಕ್ಕಿದ್ದ ಒಂದೇ ಒಂದು ಸಾಕ್ಷ್ಯವನ್ನು ನಮ್ಮ ಕೈಯಾರೆ ಅಳಿಸಿದ್ದೇವೆ, ಅಷ್ಟೆ.

ನಿಂತ ಪ್ರೋಗ್ರಾಂ ಅನ್ನು ಮುಗಿಸದೆ, ಅದು ನಿಂತಲ್ಲೇ ಒಳಹೊಕ್ಕು ನೋಡಲು ಸಾಧ್ಯವೇ? ಸಾಧ್ಯ. ಆದರೆ ಈ ಸೌಲಭ್ಯ ಒಂದೇ ದಿನದಲ್ಲಿ ದೊರೆತದ್ದಲ್ಲ. ಅದರ ಹಿಂದೆ ಹಲವು ದಶಕಗಳ ಕಥೆಯಿದೆ.

ಒಂದೇ ಎಳೆಯ ಕಾಲ

ಆರಂಭದ ಗಣಕಗಳಲ್ಲಿ ದೋಷ ಹುಡುಕುವವರು ಫಲಕದ ಮೇಲಿನ ದೀಪಗಳನ್ನು ಓದಬೇಕಿತ್ತು, ಇಲ್ಲವೇ ಸ್ಮೃತಿಯಲ್ಲಿದ್ದ ಅಂಕಿಗಳನ್ನೆಲ್ಲ ಕಾಗದದ ಮೇಲೆ ಮುದ್ರಿಸಿಕೊಂಡು ಸಾಲುಸಾಲಾಗಿ ನೋಡಬೇಕಿತ್ತು. ಅಮೆರಿಕದ ಎಂಐಟಿಯಲ್ಲಿದ್ದ ಟಿಎಕ್ಸ್-0 ಗಣಕಕ್ಕಾಗಿ 'ಫ್ಲಿಟ್' ಎಂಬ ಪ್ರೋಗ್ರಾಂ ಸಿದ್ಧವಾದಾಗ ಈ ಪಾಡು ಬದಲಾಯಿತು. ಕೀಲಿಮಣೆಯಲ್ಲಿ ಪ್ರಶ್ನೆ ಒತ್ತಿದರೆ ಉತ್ತರ ಅಲ್ಲೇ ದೊರೆಯತೊಡಗಿತು. 1960ರ ದಶಕದ ಆರಂಭದಲ್ಲಿ ಪಿಡಿಪಿ-1 ಗಣಕಕ್ಕೆ ಇದೇ ಮಾದರಿಯ 'ಡಿಡಿಟಿ' ಬಂತು. ಹಿರಿಯ ಓದುಗರಿಗೆ ಈ ಹೆಸರುಗಳ ತಮಾಷೆ ಕೂಡಲೇ ಹೊಳೆಯುತ್ತದೆ. ಫ್ಲಿಟ್, ಡಿಡಿಟಿ ಎರಡೂ ಕೀಟನಾಶಕಗಳು! ಪ್ರೋಗ್ರಾಂನ ದೋಷಕ್ಕೆ 'ಬಗ್', ಅಂದರೆ ಹುಳು ಎಂಬ ಹೆಸರು ಆಗಲೇ ರೂಢಿಯಲ್ಲಿತ್ತು.

1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ತಮ್ಮ ಗ್ನೂ ಯೋಜನೆಗಾಗಿ 'ಜಿಡಿಬಿ' ಎಂಬ ಡೀಬಗ್ಗರ್ ಬರೆದರು. ಇಂದಿಗೂ ಲಿನಕ್ಸ್ ಬಳಸುವವರ ಕೈಯಲ್ಲಿರುವುದು ಅದರ ಬೆಳೆದ ರೂಪವೇ. ಆದರೆ ಫ್ಲಿಟ್‌ನಿಂದ ಆಗಿನ ಜಿಡಿಬಿಯವರೆಗೆ ಎಲ್ಲವೂ ಒಂದು ಮಾತನ್ನು ಒಪ್ಪಿಕೊಂಡೇ ಹೊರಟಿದ್ದವು. 'ಪ್ರೋಗ್ರಾಂ ಈಗ ಎಲ್ಲಿದೆ?' ಎಂಬ ಪ್ರಶ್ನೆಗೆ ಒಂದೇ ಉತ್ತರ ಇರುತ್ತದೆ ಎಂಬುದೇ ಆ ಮಾತು.

ಎಳೆಗಳು ಹಲವಾದಾಗ

ಥ್ರೆಡ್, ಅಂದರೆ ಎಳೆ, ಈ ಊಹೆಯನ್ನು ಮುರಿಯಿತು. ಒಂದೇ ಪ್ರೋಗ್ರಾಂನಲ್ಲಿ ಹಲವು ಎಳೆಗಳು ಒಟ್ಟಿಗೆ ಸಾಗಬಲ್ಲವು. ಅವುಗಳಿಗೆಲ್ಲ ಸ್ಮೃತಿ ಒಂದೇ. ಆದರೆ ಪ್ರತಿ ಎಳೆಗೂ ತನ್ನದೇ ರಿಜಿಸ್ಟರುಗಳು, ತನ್ನದೇ ಸ್ಟ್ಯಾಕ್ ಇರುತ್ತವೆ. ತಾನು ಯಾವ ಫಂಕ್ಷನ್‌ನಿಂದ ಯಾವ ಫಂಕ್ಷನ್‌ಗೆ ಬಂದೆ ಎಂಬ ಲೆಕ್ಕ ಆ ಸ್ಟ್ಯಾಕ್‌ನಲ್ಲಿದೆ. ಒಂದೇ ದತ್ತಾಂಶವನ್ನು ಎರಡು ಎಳೆಗಳು ಒಟ್ಟಿಗೆ ತಿದ್ದಿ ಕೆಡಿಸದಂತೆ ಬೀಗ ಹಾಕಬೇಕಾಗುತ್ತದೆ. ಬೀಗ ಬಂದಲ್ಲಿ ಹೊಸ ತೊಂದರೆಯೂ ಬಂತು.

ಶಾಲೆಯ ಉದಾಹರಣೆಯನ್ನೇ ನೋಡಿ. ವರದಿ ಸಿದ್ಧಪಡಿಸಲು ಹಾಜರಿ ಪುಸ್ತಕ, ಅಂಕಪಟ್ಟಿ ಎರಡೂ ಬೇಕು. ಒಬ್ಬ ಶಿಕ್ಷಕರು ಹಾಜರಿ ಪುಸ್ತಕ ಹಿಡಿದು ಅಂಕಪಟ್ಟಿಗಾಗಿ ಕಾಯುತ್ತಿದ್ದಾರೆ. ಇನ್ನೊಬ್ಬರು ಅಂಕಪಟ್ಟಿ ಹಿಡಿದು ಹಾಜರಿ ಪುಸ್ತಕಕ್ಕಾಗಿ ಕಾಯುತ್ತಿದ್ದಾರೆ. ಇಬ್ಬರಲ್ಲಿ ಯಾರೂ ಕೈಯಲ್ಲಿದ್ದುದನ್ನು ಬಿಡುವುದಿಲ್ಲ. ಗಂಟೆ ಬಾರಿಸಿದರೂ ಕೆಲಸ ಮುಗಿಯದು! ಇಂಥ ಸ್ಥಿತಿಯನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದಲ್ಲಿ 'ಮಾರಕ ಅಪ್ಪುಗೆ' ಎಂದು ಕರೆದರು. ನಮ್ಮವರಿಗೆ ಧೃತರಾಷ್ಟ್ರಾಲಿಂಗನ ನೆನಪಾದೀತು. ಇಲ್ಲಿ ಮಾತ್ರ ಅಪ್ಪಿದವರಿಬ್ಬರೂ ಸಿಕ್ಕಿಬಿದ್ದವರೇ. ಇಂದು ಇದನ್ನು ಡೆಡ್‌ಲಾಕ್ ಎನ್ನುತ್ತೇವೆ. ಹಲವು ಕೆಲಸಗಳು ಪರಸ್ಪರ ಅಡ್ಡಬರದಂತೆ ಸಾಗುವುದು ಹೇಗೆಂಬುದಕ್ಕೆ ಡೈಕ್‌ಸ್ಟ್ರಾ 1965ರಲ್ಲೇ ಪರಿಹಾರವೊಂದನ್ನು ಪ್ರಕಟಿಸಿದ್ದರು.

ಎಂಟು ಸೆಕೆಂಡಿನ ದೋಷ

ಇದು ಬರೀ ಬುದ್ಧಿಯ ಕಸರತ್ತಲ್ಲ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ 1985ರಿಂದ 1987ರವರೆಗೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ನೀಡಿತು. ಕೆಲವರು ಪ್ರಾಣ ಕಳೆದುಕೊಂಡರು. ಅದರ ಪ್ರೋಗ್ರಾಂನಲ್ಲಿ ಹಲವು ಕೆಲಸಗಳು ಒಂದೇ ಸ್ಮೃತಿಯನ್ನು ಹಂಚಿಕೊಂಡು ಒಟ್ಟಿಗೆ ಸಾಗುತ್ತಿದ್ದವು. ಕಾಂತಗಳನ್ನು ಹೊಂದಿಸಿಕೊಳ್ಳಲು ಯಂತ್ರಕ್ಕೆ ಸುಮಾರು 8 ಸೆಕೆಂಡು ಬೇಕಿತ್ತು. ಚಿಕಿತ್ಸೆಯ ವಿಧವನ್ನು ಅಷ್ಟರೊಳಗೆ ತಿದ್ದಿ ಮುಗಿಸಿದರೆ, ತಿದ್ದುಪಡಿ ಪರದೆಯ ಮೇಲೆ ಕಾಣುತ್ತಿತ್ತು. ಯಂತ್ರದ ಎಲ್ಲ ಭಾಗಗಳಿಗೂ ತಲುಪುತ್ತಿರಲಿಲ್ಲ.

ದೋಷವನ್ನು ಮತ್ತೆ ತೋರಿಸಲು ಮೊದಲು ಯಾರಿಂದಲೂ ಆಗಲಿಲ್ಲ. ಪರೀಕ್ಷಿಸುವವರು ನಿಧಾನವಾಗಿ, ಎಚ್ಚರದಿಂದ ಒತ್ತುತ್ತಿದ್ದರು. ಕೊನೆಗೆ 1986ರಲ್ಲಿ ಟೆಕ್ಸಾಸ್‌ನ ಆಸ್ಪತ್ರೆಯೊಂದರ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುವಾಕೆ ಸೇರಿ ಮತ್ತೆ ಮತ್ತೆ ಪ್ರಯತ್ನಿಸಿ, ಗುಟ್ಟು ಒತ್ತುವ ವೇಗದಲ್ಲಿದೆ ಎಂದು ಕಂಡುಕೊಂಡರು. ಸಮಯದಿಂದ ಹುಟ್ಟುವ ದೋಷ ಮತ್ತೊಮ್ಮೆ ಓಡಿಸಿದ ಮಾತ್ರಕ್ಕೆ ಸಿಗುವುದಿಲ್ಲ. ಅದು ಕಾಣಿಸಿಕೊಂಡ ಗಳಿಗೆಯಲ್ಲೇ ಹಿಡಿಯಬೇಕು.

ಡೀಬಗ್ಗರ್ ಎಣಿಸಲು ಕಲಿತದ್ದು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಎಳೆಗಳಿಗೊಂದು ಸಾಮಾನ್ಯ ಮಾನಕ ಬಂದದ್ದು 1995ರಲ್ಲಿ. ಅದನ್ನು 'ಪಿಥ್ರೆಡ್ಸ್' ಎನ್ನುತ್ತೇವೆ. ಲಿನಕ್ಸ್‌ಗೆ ಫ್ರಾನ್ಸಿನ ಝೇವಿಯರ್ ಲೆರೊಯ್ ಅವರು 'ಲಿನಕ್ಸ್‌ಥ್ರೆಡ್ಸ್' ರಚಿಸಿದರು. ಅದರಲ್ಲಿ ಪ್ರತಿ ಎಳೆಯೂ ಕರ್ನೆಲ್‌ನ ಕಣ್ಣಿಗೆ ಬೇರೊಂದು ಪ್ರಕ್ರಿಯೆಯಂತೆಯೇ ಕಾಣುತ್ತಿತ್ತು. ಆಗಿನ ಒಂದು ಕೊರತೆ ಗಮನಿಸಿ. ಪ್ರೋಗ್ರಾಂ ಕುಸಿದರೆ ಅದರ ಸ್ಮೃತಿಯ ನಕಲು 'ಕೋರ್' ಎಂಬ ಕಡತದಲ್ಲಿ ಉಳಿಯುತ್ತದೆ. ಆ ಕಡತದಲ್ಲಿ ಕುಸಿದ ಎಳೆಯ ಸ್ಥಿತಿ ಮಾತ್ರ ಸಿಗುತ್ತಿತ್ತು. ಉಳಿದ ಎಳೆಗಳು ಆ ಕ್ಷಣ ಎಲ್ಲಿದ್ದವು ಎಂಬುದು ದಾಖಲಾಗುತ್ತಿರಲಿಲ್ಲ. ಅಪಘಾತದ ಮಹಜರಿನಲ್ಲಿ ಒಂದೇ ವಾಹನವನ್ನು ಬರೆದುಕೊಂಡಂತೆ!

ಉಲ್ರಿಚ್ ಡ್ರೆಪ್ಪರ್ ಮತ್ತು ಇಂಗೊ ಮೊಲ್ನಾರ್ ರೂಪಿಸಿದ ಹೊಸ ವ್ಯವಸ್ಥೆ 'ಎನ್‌ಪಿಟಿಎಲ್' 2003ರಲ್ಲಿ ಬಳಕೆಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾದ ಲಿನಕ್ಸ್ 2.6 ಕರ್ನೆಲ್ ಅದಕ್ಕೆ ಬೇಕಾದ ಬೆಂಬಲ ನೀಡಿತು. ಎಳೆಗಳೆಲ್ಲ ಒಂದೇ ಪ್ರಕ್ರಿಯೆಯ ಅಂಗಗಳಾದವು, ಡೀಬಗ್ಗರ್‌ಗೆ ಅವೆಲ್ಲ ಒಟ್ಟಿಗೆ ಸಿಗತೊಡಗಿದವು.

ನಿಂತ ಪ್ರೋಗ್ರಾಂನ ಒಳಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇನ್ನೊಂದು ಟರ್ಮಿನಲ್ ತೆರೆದು, ನಿಂತ ಪ್ರೋಗ್ರಾಂನ ಪ್ರಕ್ರಿಯೆ ಸಂಖ್ಯೆಯನ್ನು ಜಿಡಿಬಿಗೆ ಕೊಡಿ. ಇದಕ್ಕೆ ಕೆಲವು ಗಣಕಗಳಲ್ಲಿ ಆಡಳಿತಗಾರರ ಅನುಮತಿ ಬೇಕಾದೀತು. ಜಿಡಿಬಿ ಎಲ್ಲ ಎಳೆಗಳನ್ನೂ ಇದ್ದಲ್ಲಿಯೇ ತಡೆದು ನಿಲ್ಲಿಸುತ್ತದೆ. 'ಇನ್‌ಫೋ ಥ್ರೆಡ್ಸ್' ಎಂದು ಆದೇಶಿಸಿದರೆ ಎಳೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಜಿಡಿಬಿ ಕೊಟ್ಟ ಕ್ರಮಸಂಖ್ಯೆ, ಕರ್ನೆಲ್ ಕೊಟ್ಟ ಗುರುತು ಸಂಖ್ಯೆ, ಎಳೆ ನಿಂತಿರುವ ಫಂಕ್ಷನ್ ಮೂರೂ ಇರುತ್ತವೆ. ನಾವು ನೋಡುತ್ತಿರುವ ಎಳೆಯ ಮುಂದೆ ನಕ್ಷತ್ರ ಚಿಹ್ನೆ ಇರುತ್ತದೆ. 'ಥ್ರೆಡ್ 2' ಎಂದರೆ ಎರಡನೆಯ ಎಳೆಗೆ ಹೋಗುತ್ತೇವೆ. 'ಥ್ರೆಡ್ ಅಪ್ಲೈ ಆಲ್ ಬಿಟಿ' ಎಂದರೆ ಪ್ರತಿ ಎಳೆಯೂ ತಾನು ಬಂದ ದಾರಿಯನ್ನು, ಅಂದರೆ ಫಂಕ್ಷನ್ ಕರೆಗಳ ಸರಪಣಿಯನ್ನು, ಒಪ್ಪಿಸುತ್ತದೆ.

ಎರಡು ಎಳೆಗಳು ಬೀಗಕ್ಕಾಗಿ ಕಾಯುವ ಫಂಕ್ಷನ್‌ನಲ್ಲೇ ನಿಂತಿವೆ ಎಂದುಕೊಳ್ಳಿ. ಅವುಗಳ ಗುರುತು ಸಂಖ್ಯೆ 4102 ಮತ್ತು 4103. ಲಿನಕ್ಸ್‌ನ ಪಿಥ್ರೆಡ್ಸ್ ಬೀಗದೊಳಗೆ 'ಓನರ್' ಎಂಬ ಅಂಶವಿದೆ. ಬೀಗ ಹಿಡಿದ ಎಳೆಯ ಗುರುತು ಸಂಖ್ಯೆ ಅಲ್ಲಿರುತ್ತದೆ. ಜಿಡಿಬಿಯ 'ಪ್ರಿಂಟ್' ಆದೇಶದಿಂದ ಅದನ್ನು ಓದಬಹುದು. 4102 ಕಾಯುತ್ತಿರುವ ಬೀಗದ ಒಡೆಯ 4103. 4103 ಕಾಯುತ್ತಿರುವ ಬೀಗದ ಒಡೆಯ 4102. ಹಾಜರಿ ಪುಸ್ತಕ ಮತ್ತು ಅಂಕಪಟ್ಟಿಯ ಕಥೆ ಕಣ್ಣೆದುರೇ ಇದೆ. ಯಾವ ಎಳೆಯನ್ನೂ ಒಂಟಿಯಾಗಿ ನೋಡಿದರೆ ತಪ್ಪು ಕಾಣುವುದಿಲ್ಲ. ಎರಡನ್ನೂ ಒಂದೇ ಕ್ಷಣದಲ್ಲಿ ಅಕ್ಕಪಕ್ಕ ಇಟ್ಟಾಗ ಮಾತ್ರ ಕಾಣುತ್ತದೆ. ಪರಿಹಾರವೂ ಸರಳ. ಎಲ್ಲ ಎಳೆಗಳೂ ಬೀಗಗಳನ್ನು ಒಂದೇ ಕ್ರಮದಲ್ಲಿ ಹಿಡಿಯಲಿ.

ನೋಡುವುದೇ ಅಡ್ಡಿಯಾದಾಗ

ಆದರೆ ಓಡುತ್ತಿರುವ ಪ್ರೋಗ್ರಾಂ ಅನ್ನು ತಡೆದರೆ ಅದರ ಕಾಲಗತಿ ಬದಲಾಗುತ್ತದೆ, ದೋಷ ಮಾಯವಾಗಬಹುದು. ಹೈಸೆನ್‌ಬರ್ಗ್‌ರ ಅನಿಶ್ಚಿತತೆಯ ತತ್ತ್ವವನ್ನು ನೆನೆದು ಇಂಥ ದೋಷವನ್ನು 'ಹೈಸೆನ್‌ಬಗ್' ಎನ್ನುವುದುಂಟು. ಜಿಮ್ ಗ್ರೇ 1985ರ ವರದಿಯೊಂದರಲ್ಲಿ ಈ ಪದ ಬಳಸಿದ್ದರು. ಇದಕ್ಕೆ ಮದ್ದು ತಡೆಯದೆ ದಾಖಲಿಸುವುದು. ಅದರ ಪ್ರಸಿದ್ಧ ನಿದರ್ಶನ ಮಂಗಳ ಗ್ರಹದಿಂದ ಬಂದಿದೆ.

ನಾಸಾದ ಪಾಥ್‌ಫೈಂಡರ್ ನೌಕೆ 1997ರ ಜುಲೈ 4ರಂದು ಮಂಗಳದ ಮೇಲಿಳಿಯಿತು. ಕೆಲವೇ ದಿನಗಳಲ್ಲಿ ಅದರ ಗಣಕ ಆಗಾಗ ತಾನಾಗಿ ಮರುಚಾಲನೆಗೊಳ್ಳತೊಡಗಿತು. ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು. ಎಂಜಿನಿಯರುಗಳು ಭೂಮಿಯಲ್ಲಿದ್ದ ತದ್ರೂಪಿ ಗಣಕದಲ್ಲಿ ಅದೇ ಕೆಲಸಗಳನ್ನು ಓಡಿಸಿ, ಯಾವ ಕೆಲಸ ಯಾವಾಗ ಓಡಿತು, ಯಾವಾಗ ಬೀಗ ಹಿಡಿಯಿತು ಎಂದು ದಾಖಲಿಸಿಕೊಂಡರು. ಒಂದು ದಿನದೊಳಗೆ ದೋಷ ಬಲೆಗೆ ಬಿತ್ತು. ಕಡಿಮೆ ಆದ್ಯತೆಯ ಹವಾಮಾನ ಕೆಲಸ ಬೀಗವೊಂದನ್ನು ಹಿಡಿದಿತ್ತು. ಹೆಚ್ಚಿನ ಆದ್ಯತೆಯ ಕೆಲಸವೊಂದು ಅದೇ ಬೀಗಕ್ಕಾಗಿ ಕಾದಿತ್ತು. ನಡುವಿನ ಆದ್ಯತೆಯ ಕೆಲಸಗಳು ಹವಾಮಾನ ಕೆಲಸಕ್ಕೆ ಮುಂದುವರಿಯಲು ಬಿಡುತ್ತಿರಲಿಲ್ಲ. ಮುಖ್ಯ ಕೆಲಸ ಸಮಯಕ್ಕೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಗಣಕವನ್ನು ಮರುಚಾಲನೆ ಮಾಡುತ್ತಿತ್ತು.

ಬೀಗ ಹಿಡಿದ ಕೆಲಸಕ್ಕೆ, ಕಾಯುತ್ತಿರುವ ಕೆಲಸದ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವುದೇ ಇದಕ್ಕೆ ಪರಿಹಾರ. ಈ ವಿಧಾನದ ಸಿದ್ಧಾಂತವನ್ನು ಲುಯಿ ಶಾ, ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಟ್ಸ್ಕಿ 1990ರಲ್ಲಿ ಪ್ರಕಟಿಸಿದ್ದರು. ನೌಕೆಯ ಕಾರ್ಯಾಚರಣ ವ್ಯವಸ್ಥೆಯಲ್ಲಿ ಆ ಸೌಲಭ್ಯ ಮೊದಲೇ ಇತ್ತು. ಆ ಬೀಗಕ್ಕೆ ಮಾತ್ರ ಅದು ಚಾಲೂ ಆಗಿರಲಿಲ್ಲ. ಭೂಮಿಯಿಂದ ತಿದ್ದುಪಡಿ ಕಳುಹಿಸಿದ ಮೇಲೆ ತೊಂದರೆ ನಿಂತಿತು.

ಇಲ್ಲಿ ಎರಡು ಸಂಗತಿ ನೆನಪಿಡಬೇಕು. ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲೂ ಈ ದೋಷ ಇಣುಕಿತ್ತು. ಹುಡುಕಲು ಹೊರಟಾಗ ಮರುಕಳಿಸಿರಲಿಲ್ಲ. ಇನ್ನೊಂದು, ದಾಖಲಿಸುವ ಸೌಲಭ್ಯವನ್ನು ಹಾರುವ ಪ್ರೋಗ್ರಾಂನಿಂದ ತೆಗೆದುಹಾಕದೆ ಬೇಕೆಂದೇ ಉಳಿಸಿಕೊಂಡಿದ್ದರು.

2009ರಲ್ಲಿ ಬಂದ ಜಿಡಿಬಿ 7.0 ಈ ದಿಕ್ಕಿನಲ್ಲೇ ಸಾಗಿತು. ಒಂದು ಎಳೆಯನ್ನು ಮಾತ್ರ ನಿಲ್ಲಿಸಿ ಉಳಿದವನ್ನು ಓಡಲು ಬಿಡುವ ವಿಧಾನವನ್ನೂ, ದಾಖಲಿಸಿಕೊಂಡ ಓಟದಲ್ಲಿ ಹಿಂದಕ್ಕೆ ಹೆಜ್ಜೆಯಿಡುವ ವಿಧಾನವನ್ನೂ ಅದು ತಂದಿತು.

ಶಿಕ್ಷಕರು ಪ್ರಯೋಗಾಲಯದಲ್ಲಿ ಎರಡು ಎಳೆ, ಎರಡು ಬೀಗಗಳ ಪುಟ್ಟ ಸಿ ಪ್ರೋಗ್ರಾಂ ಬರೆಸಬಹುದು. ಎಳೆಗಳು ಬೀಗಗಳನ್ನು ವಿರುದ್ಧ ಕ್ರಮದಲ್ಲಿ ಹಿಡಿಯಲಿ, ಎರಡು ಬೀಗಗಳ ನಡುವೆ ಒಂದು ಸೆಕೆಂಡಿನ ವಿರಾಮವಿರಲಿ. ಡೀಬಗ್ಗರ್‌ಗೆ ಬೇಕಾದ ಮಾಹಿತಿ ಸೇರುವಂತೆ 'ಜಿ' ಆಯ್ಕೆಯೊಂದಿಗೆ ಕಂಪೈಲ್ ಮಾಡಿಸಿ. ಪ್ರೋಗ್ರಾಂ ನಿಂತಾಗ ವಿದ್ಯಾರ್ಥಿಯ ಬೆರಳು ಅಭ್ಯಾಸಬಲದಿಂದ ಅದನ್ನು ಮುಗಿಸಲು ಹೋಗುತ್ತದೆ. ಆ ಬೆರಳನ್ನು ತಡೆಯಿರಿ. ಅಂದಿನ ಪಾಠ ಅಲ್ಲಿಂದಲೇ ಶುರುವಾಗುತ್ತದೆ.