ಗರ್ಭಧಾರಣಪೂರ್ವ ಆರೈಕೆ
ಗರ್ಭ ಧರಿಸುವ ಮುನ್ನವೇ ಹೆಣ್ಣಿನ ಆರೋಗ್ಯವನ್ನು ಪರೀಕ್ಷಿಸಿ, ಕೊರತೆಗಳನ್ನು ಸರಿಪಡಿಸುವ ವೈದ್ಯಕೀಯ ಕ್ರಮ. ಭ್ರೂಣದ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭಾಂಕುರವಾದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಅನೇಕರಿಗೆ ಮುಟ್ಟು ತಡವಾಗಿದೆ ಎಂಬ ಗುಮಾನಿಯಷ್ಟೇ ಇರುತ್ತದೆ. ಬಸಿರು ಖಚಿತವಾದ ಮೇಲೆ, ನರನಾಳ ದೋಷ ತಡೆಯಲು ನೆರವಾಗುವ ಫೋಲಿಕ್ ಆಮ್ಲ ಶುರುಮಾಡಿದರೆ ಈ ಘಟ್ಟ ತಪ್ಪಿಹೋಗಬಹುದು. ಹಾಗಾಗಿ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಸೇವನೆಗೆ ಸಲಹೆಯಿದೆ. ಹಿಂದೆ ನರನಾಳ ದೋಷದ ಗರ್ಭವಿದ್ದವರಿಗೆ 4 ಮಿಲಿಗ್ರಾಂ ಕೊಟ್ಟಾಗ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲಿ ತೋರಿಸಿತು.

ಮುಟ್ಟಿನ ಏರುಪೇರು, ವಿಪರೀತ ಸ್ರಾವ, ತಡೆಯಲಾಗದ ಹೊಟ್ಟೆನೋವುಗಳನ್ನು ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ತಳ್ಳಿಹಾಕುವ ರೂಢಿಯಿದೆ; ಅವು ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ), ಗರ್ಭಕೋಶದ ಗಡ್ಡೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು) ಇವುಗಳ ಸೂಚನೆಯಾಗಿರಬಹುದು. ಲಕ್ಷಣವೇ ತೋರದ ಕ್ಲಮೈಡಿಯ ಸೋಂಕು ಗರ್ಭನಾಳಗಳು ಕಟ್ಟಿಕೊಳ್ಳುವಂತೆ ಮಾಡಬಲ್ಲದು. ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬಾಕಿಯಿದ್ದರೆ ಮೊದಲೇ ಮುಗಿಸುವುದು ಅನುಕೂಲ.

ಭಾರತದಲ್ಲಿ ರಕ್ತಹೀನತೆಯೇ ದೊಡ್ಡ ತೊಡಕು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15–49 ವಯಸ್ಸಿನ ಶೇ. 57 ಮಹಿಳೆಯರಲ್ಲಿ ಇದು ಕಂಡುಬಂದಿತು. ಥೈರಾಯ್ಡ್, ಸಕ್ಕರೆ, ರಕ್ತದೊತ್ತಡಗಳನ್ನೂ ನೋಡಲಾಗುತ್ತದೆ. ರುಬೆಲ್ಲಾ ಲಸಿಕೆಯ ನಂತರ ಒಂದು ತಿಂಗಳು ಗರ್ಭ ಧರಿಸಬಾರದಾದ್ದರಿಂದ ಅದನ್ನು ಮೊದಲೇ ಹಾಕಿಸಿಕೊಳ್ಳಬೇಕು. ಅಪಸ್ಮಾರಕ್ಕೆ ಕೊಡುವ ವಾಲ್ಪ್ರೋಯೇಟ್ ಔಷಧಿ ಭ್ರೂಣಕ್ಕೆ ಅಪಾಯಕಾರಿ. ಆದರೆ ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರ ಸಲಹೆಯಂತೆ ಬದಲಿಸಬೇಕು. ತಂಬಾಕನ್ನು ಹೆಣ್ಣಷ್ಟೇ ಅಲ್ಲ, ಗಂಡಸೂ ತ್ಯಜಿಸಬೇಕು.