ಗುಹ್ಯರೋಮ ನಿವಾರಣೆಯ ನಂತರದ ಚರ್ಮದ ಉರಿ: ಶಸ್ತ್ರವೈದ್ಯದ ಪುರಾವೆಗಳ ಹಿನ್ನೆಲೆಯಲ್ಲಿ

ತೊಡೆಸಂದಿನ ಕೂದಲು ತೆಗೆದ ಮೇಲೆ ಏಳುವ ಉರಿ, ನವೆ, ಕೆಂಪು ಗುಳ್ಳೆಗಳಿಗೆ ಪರಿಹಾರ ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಹಚ್ಚುವ ವಸ್ತುವೊಂದರ ಹೆಸರು: ಲೋಳೆಸರ, ತೆಂಗಿನೆಣ್ಣೆ, ಯಾವುದೋ ಕ್ರೀಮು. ಕೂದಲನ್ನು ಎಷ್ಟು ಬುಡಕ್ಕೆ ಕತ್ತರಿಸಲಾಯಿತು ಎಂಬುದರಿಂದಲೇ ತೊಂದರೆ ಹುಟ್ಟುವುದರಿಂದ ತಡೆಯನ್ನೂ ಅಲ್ಲೇ ಹುಡುಕಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ನೆರವಾಗುವ ಪುರಾವೆಗಳು ಸಿಗುವುದು ಶಸ್ತ್ರಚಿಕಿತ್ಸೆ ಮತ್ತು ಹೆರಿಗೆಯ ವೈದ್ಯಸಾಹಿತ್ಯದಲ್ಲಿ.

ಗಾಯ ಮಾಯಲು ಕೂದಲು ಅಡ್ಡಿಯಾದರೆ ಕ್ಷುರ, ಕತ್ತರಿ ಇಲ್ಲವೇ ಚಿಮುಟದಿಂದ ತೆಗೆಯಬೇಕೆಂದು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಹೇಳುತ್ತದೆ. ಶಂಖಚೂರ್ಣ, ಹರಿತಾಳಗಳ ಲೇಪವೊಂದನ್ನೂ ಸೂಚಿಸುತ್ತದೆ. (ಹರಿತಾಳ ಆರ್ಸೆನಿಕ್‌ನ ಸಂಯುಕ್ತ. ಪ್ರಾಚೀನವೆಂಬ ಕಾರಣಕ್ಕೆ ಇಂದು ಮನೆಯಲ್ಲಿ ಪ್ರಯೋಗಿಸುವಂಥದ್ದಲ್ಲ.) ಇಪ್ಪತ್ತನೆಯ ಶತಮಾನದ ಆಸ್ಪತ್ರೆಗಳಲ್ಲಿ ಹೆರಿಗೆಗೆ ಮುಂಚೆ ಗುಹ್ಯಭಾಗವನ್ನು ಬೋಳಿಸುವುದು ಶುಚಿತ್ವದ ಹೆಸರಿನಲ್ಲಿ ವಾಡಿಕೆಯಾಯಿತು. ಆದರೆ 1922ರಷ್ಟು ಹಿಂದೆಯೇ ಅಮೆರಿಕದಲ್ಲಿ ಜಾನ್‌ಸ್ಟನ್ ಮತ್ತು ಸಿಡಾಲ್ 389 ಮಹಿಳೆಯರನ್ನು ಪರಿಶೀಲಿಸಿದಾಗ ಬೋಳಿಸಿದ್ದರಿಂದ ಸೋಂಕು ತಗ್ಗಿದ್ದು ಕಂಡುಬರಲಿಲ್ಲ. 1971ರಲ್ಲಿ ಸೆರೋಪಿಯನ್ ಮತ್ತು ರೆನಾಲ್ಡ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ರೇಜರ್ ಬಳಸಿದವರ ಶಸ್ತ್ರಗಾಯದ ಸೋಂಕು ಶೇ. 5.6, ಕೂದಲು ತೆಗೆಯದವರಲ್ಲಿ ಅಥವಾ ರಾಸಾಯನಿಕದಿಂದ ತೆಗೆದವರಲ್ಲಿ ಶೇ. 0.6. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಶಸ್ತ್ರಚಿಕಿತ್ಸೆಗೆ ಮುನ್ನ ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್ ಮಾತ್ರ ಬಳಸಬೇಕು ಎನ್ನುತ್ತದೆ. ಹೆರಿಗೆಗೆ ಮುನ್ನ ವಾಡಿಕೆಯಂತೆ ಬೋಳಿಸುವುದು ಬೇಡವೆಂದು ಅದೇ ಸಂಸ್ಥೆ 2018ರಲ್ಲಿ ಹೇಳಿತು.

ಈ ಅಧ್ಯಯನಗಳು ಅಳೆದದ್ದು ಸೋಂಕನ್ನು. ಮನೆಯ ಬಚ್ಚಲಲ್ಲಿ ಬೋಳಿಸಿಕೊಂಡವರ ಉರಿ ಬೇರೆ ಸಂಗತಿ. ಅಂಕಿಗಳನ್ನು ನೇರವಾಗಿ ಅಲ್ಲಿಗೆ ಒಯ್ಯಲಾಗದು. ಎರಡಕ್ಕೂ ಸಮಾನವಾದದ್ದು ಅಲಗು ಚರ್ಮದ ಹೊರಪದರದಲ್ಲಿ ಮಾಡುವ, ಕಣ್ಣಿಗೆ ಕಾಣದ ಗೀರುಗಳು. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಗುಹ್ಯರೋಮ ತೆಗೆಯುವವರಲ್ಲಿ ಸುಮಾರು ಕಾಲುಭಾಗ ಜನ ಗಾಯವಾದದ್ದನ್ನು ಒಪ್ಪಿಕೊಂಡಿದ್ದರು. ಅವುಗಳಲ್ಲಿ ಕೊಯ್ದ ಗಾಯಗಳೇ ಹೆಚ್ಚು.

ಗುಳ್ಳೆಗಳಿಗೆ ಇನ್ನೊಂದು ಕಾರಣವಿದೆ. ಗುಹ್ಯರೋಮ ದಪ್ಪ, ಗುಂಗುರು; ಅದರ ರೋಮಕೂಪವೂ ಬಾಗಿದೆ. ಹಲವು ಅಲಗಿನ ರೇಜರ್‌ನಲ್ಲಿ ಮೊದಲನೆಯದು ಕೂದಲನ್ನು ತುಸು ಮೇಲೆಳೆಯುತ್ತದೆ, ಮುಂದಿನದು ಕತ್ತರಿಸುತ್ತದೆ. ಉಳಿದ ತುಂಡು ಚರ್ಮದ ಕೆಳಕ್ಕೆ ಜಾರುತ್ತದೆ. ಚೂಪಾದ ಆ ತುದಿ ಬೆಳೆಯುತ್ತ ರೋಮಕೂಪದ ಗೋಡೆಯನ್ನು ತೂರುತ್ತದೆ, ಇಲ್ಲವೇ ಹೊರಬಂದು ಬಾಗಿ ಮತ್ತೆ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ದೇಹ ಅದನ್ನು ಪರಕೀಯ ವಸ್ತುವಿನಂತೆ ಎದುರಿಸುವುದರಿಂದ ಗುಳ್ಳೆಯೇಳುತ್ತದೆ. ನುಣುಪೇ ಗುರಿಯಾದಷ್ಟೂ ಗುಳ್ಳೆ ಹೆಚ್ಚುವುದು ಇದರಿಂದಲೇ. ನಮ್ಮ ಶ್ಯಾಮಲ ಚರ್ಮದಲ್ಲಿ ಉರಿಯೂತ ಆರಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದನ್ನು ಉಜ್ಜಿ ತೆಗೆಯಹೊರಟರೆ ಇನ್ನಷ್ಟು ಕಪ್ಪಾಗುತ್ತದೆ.

ಆದ್ದರಿಂದ ಟ್ರಿಮ್ಮರ್‌ನಿಂದ ಒಂದೆರಡು ಮಿಲಿಮೀಟರ್ ಉಳಿಸಿ ಕತ್ತರಿಸುವುದು ಮೊದಲ ಆಯ್ಕೆಯಾಗಬೇಕು. ಬೋಳಿಸಲೇಬೇಕೆಂದರೆ ಬಿಸಿನೀರಿನ ಸ್ನಾನದ ನಂತರ, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ, ಚರ್ಮವನ್ನು ಎಳೆದು ಹಿಡಿಯದೆ, ಹೊಸ ಅಲಗಿನಿಂದ ಹಗುರವಾಗಿ. ಕೂದಲು ಕರಗಿಸುವ ಕ್ರೀಮುಗಳು ಥಯೋಗ್ಲೈಕೊಲೇಟ್ ಮತ್ತು ಪ್ರಬಲ ಕ್ಷಾರದಿಂದ ಕೆರಟಿನ್ ಬಂಧಗಳನ್ನು ಒಡೆಯುತ್ತವೆ, ಚರ್ಮವೂ ಕೆರಟಿನ್ನಿನದೇ. 1971ರ ಅಂಕಿ ನೋಡಿ ಯಾರಾದರೂ ಅವನ್ನು ಯೋನಿಯ ಒಳತುಟಿಗಳ ಬಳಿ ಹಚ್ಚಿದರೆ ಸುಟ್ಟ ಗಾಯವಾದೀತು. ವ್ಯಾಕ್ಸಿಂಗ್‌ನಲ್ಲಿ ಕೂದಲು ನಡುವೆ ತುಂಡಾದರೆ ಒಳಗೇ ಬೆಳೆಯುತ್ತದೆ. ರೆಟಿನಾಯ್ಡ್ ಔಷಧ ಬಳಸುವವರಲ್ಲಿ ಮೇಣದ ಜೊತೆ ಚರ್ಮವೂ ಕಿತ್ತುಬರಬಹುದು. ಮತ್ತೆಮತ್ತೆ ಗುಳ್ಳೆಯೇಳುವವರು ಲೇಸರ್ ಯೋಚಿಸಬಹುದು. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ.

ಉರಿ ಎದ್ದಿದ್ದರೆ ತಣ್ಣೀರ ಬಟ್ಟೆ, ಸುವಾಸನೆಯಿಲ್ಲದ ತೇವಕಾರಕ, ಸಡಿಲ ಹತ್ತಿಯ ಒಳಉಡುಪು, ಮತ್ತು ಕೆಲವು ವಾರ ರೇಜರ್ ಮುಟ್ಟದಿರುವುದು. ಒಳಗೆ ಸಿಕ್ಕಿಕೊಂಡ ಕೂದಲಿಗೆ ಬೆಚ್ಚನೆಯ ಬಟ್ಟೆಯ ಶಾಖ ಕೊಡಬಹುದು. ಸೂಜಿಯಿಂದ ಬಗೆಯುವುದು ಬೇಡ. ನಮ್ಮಲ್ಲಿ ನಿಜವಾದ ಅಪಾಯ ಔಷಧದಂಗಡಿಯ ಮಿಶ್ರ ಮುಲಾಮು. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರನ್ನೂ ಬೆರೆಸಿದ ಇದು ಎರಡು ದಿನದಲ್ಲಿ ಉರಿ ಶಮನಮಾಡುತ್ತದೆ, ಆ ಕಾರಣಕ್ಕೇ ನಂಬಿಕೆ ಗಳಿಸುತ್ತದೆ. ತೊಡೆಸಂದಿನ ತೆಳು ಚರ್ಮ ಸ್ಟೀರಾಯ್ಡನ್ನು ಹೆಚ್ಚಾಗಿ ಹೀರಿಕೊಂಡು ಮತ್ತಷ್ಟು ತೆಳುವಾಗುತ್ತದೆ, ಬರೆಗಳು ಮೂಡುತ್ತವೆ. ಅಲ್ಲಿ ಮೊದಲೇ ಹುಳುಕಡ್ಡಿ ಇದ್ದರೆ ರೂಪ ಮರೆಸಿಕೊಂಡು ಹರಡುತ್ತದೆ.

ಜ್ವರ, ಹರಡುವ ಕೆಂಪು, ಕೀವು ಕಂಡರೆ ವೈದ್ಯರ ಬಳಿ ಹೋಗುವುದು ಸರಿಯೇ. ಕಡಿಮೆ ಗಮನ ಪಡೆದದ್ದು ಇನ್ನೊಂದು ಸ್ಥಿತಿ: ಕಂಕುಳಲ್ಲೂ ತೊಡೆಸಂದಿನಲ್ಲೂ ಮರುಕಳಿಸುವ, ಒಡೆದು ಸುರಂಗದಂಥ ಕಲೆ ಬಿಡುವ ನೋವಿನ ಗಂಟುಗಳು. ಇದು ಹೈಡ್ರಾಡಿನೈಟಿಸ್ ಸಪ್ಪುರೇಟಿವಾ ಇರಬಹುದು. ಅದಕ್ಕೆ ರೇಜರ್ ಮೂಲ ಕಾರಣವಲ್ಲ, ಕೊಳಕೂ ಕಾರಣವಲ್ಲ. ನಾಚಿಕೆಯಿಂದ ವರ್ಷಗಟ್ಟಲೆ ಬಚ್ಚಿಟ್ಟವರಲ್ಲಿ ಚಿಕಿತ್ಸೆ ಶುರುವಾಗುವ ವೇಳೆಗೆ ಕಲೆಗಳು ಗಟ್ಟಿಯಾಗಿರುತ್ತವೆ.