ಕೂಸಿನ ಮೊದಲ ತುತ್ತು: ಬೇಳೆಯ ಕಟ್ಟು ಸಾಕೇ?

ಧಾರವಾಡದ ಕಡೆ ಅನೇಕ ಮನೆಗಳಲ್ಲಿ ಕೂಸಿಗೆ ಆರು ತಿಂಗಳಾಗುತ್ತಿದ್ದಂತೆ ಮೊದಲು ಕೊಡುವುದು ಅನ್ನದ ತಿಳಿಗಂಜಿ ಮತ್ತು ಬೇಳೆಯ ಕಟ್ಟು. ಬೇಳೆ ಬೇಯಿಸಿ, ಮೇಲಿನ ತಿಳಿನೀರನ್ನಷ್ಟೇ ಬಸಿದು, ಚಮಚದಲ್ಲಿ ಕುಡಿಸುತ್ತಾರೆ. ಕೂಸಿಗೆ ಹಗುರ, ಬೇಗ ಜೀರ್ಣವಾಗುತ್ತದೆ ಎಂಬ ಕಾಳಜಿ ಇದರ ಹಿಂದಿದೆ. ಆದರೆ ಆ ಬಟ್ಟಲಿನಲ್ಲಿ ಕೂಸಿಗೆ ನಿಜವಾಗಿ ಸಿಗುವುದೆಷ್ಟು? ಎದೆಹಾಲು ಕುಡಿಯುವ ಮಗುವಿಗೆ ಮೇಲಿನ ಊಟ ಯಾವಾಗ, ಏನು, ಹೇಗೆ ಶುರುವಾಗಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಆರು ತಿಂಗಳೇ ಏಕೆ?

ಹುಟ್ಟಿದಾಗಿನಿಂದ ಆರು ತಿಂಗಳು ತುಂಬುವವರೆಗೆ, ಅಂದರೆ ಸುಮಾರು 180 ದಿನ, ಎದೆಹಾಲು ಮಾತ್ರ ಸಾಕು ಎಂಬುದು 2001ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಎದೆಹಾಲಿನ ಸುಮಾರು 87 ಭಾಗ ನೀರೇ ಆಗಿರುವುದರಿಂದ ಬೇಸಿಗೆಯಲ್ಲೂ ಈ ಅವಧಿಯಲ್ಲಿ ಬೇರೆ ನೀರು ಬೇಕಾಗುವುದಿಲ್ಲ.

ಆರು ತಿಂಗಳ ನಂತರ ಹಾಲು ಕೆಡುವುದೂ ಇಲ್ಲ, "ನೀರಾಗುವುದೂ" ಇಲ್ಲ. ಕೂಸಿನ ಅಗತ್ಯ ಹೆಚ್ಚುತ್ತದೆ, ಅಷ್ಟೇ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಬ್ಬಿಣದ ಅಂಶ. ತಾಯಿಯ ಹೊಟ್ಟೆಯಲ್ಲಿದ್ದಾಗ ಕೂಸು ಕೂಡಿಟ್ಟುಕೊಂಡ ಕಬ್ಬಿಣದ ಸಂಗ್ರಹ ಸುಮಾರು ಆರು ತಿಂಗಳಿಗೆ ಖಾಲಿಯಾಗುತ್ತ ಬರುತ್ತದೆ. ಎದೆಹಾಲಿನಲ್ಲಿ ಒಂದು ಲೀಟರಿಗೆ ಅರ್ಧ ಮಿಲಿಗ್ರಾಂಗಿಂತಲೂ ಕಡಿಮೆ ಕಬ್ಬಿಣವಿದೆ. ಅದು ಚೆನ್ನಾಗಿ ದೇಹಕ್ಕೆ ಹತ್ತುತ್ತದೆ ನಿಜ, ಆದರೆ ವೇಗವಾಗಿ ಬೆಳೆಯುವ ಕೂಸಿಗೆ ಸಾಲುವುದಿಲ್ಲ. ಉಳಿದದ್ದು ಊಟದಿಂದಲೇ ಬರಬೇಕು.

ನಮ್ಮ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆ ಹೇಳುವಂತೆ ದೇಶದಲ್ಲಿ 6-8 ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಮೇಲಿನ ಊಟವನ್ನೂ ಪಡೆಯುತ್ತಿದ್ದವರು ಶೇ 45.9 ಮಾತ್ರ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಪಡೆಯುತ್ತಿದ್ದವರು ನೂರಕ್ಕೆ ಹನ್ನೊಂದರ ಆಸುಪಾಸು.

ಅನ್ನಪ್ರಾಶನಕ್ಕೆ ಗೃಹ್ಯಸೂತ್ರಗಳು ಹೇಳುವುದೂ ಆರನೇ ತಿಂಗಳನ್ನೇ. ಆದರೆ ಎಣಿಕೆಯಲ್ಲಿ ಒಂದು ವ್ಯತ್ಯಾಸವಿದೆ. ಐದು ತಿಂಗಳು ಮುಗಿದ ಕೂಡಲೇ "ಆರನೇ ತಿಂಗಳು" ಶುರುವಾಗುತ್ತದೆ; ವೈದ್ಯರು ಹೇಳುವುದು ಆರು ತಿಂಗಳು ತುಂಬಿದ ಮೇಲೆ. ಗಂಡು ಮಗುವಿಗೆ ಸಮ ತಿಂಗಳು, ಹೆಣ್ಣು ಮಗುವಿಗೆ ಬೆಸ ತಿಂಗಳು ಎಂಬ ರೂಢಿಯೂ ಕೆಲವು ಮನೆಗಳಲ್ಲಿದೆ. ಶಾಸ್ತ್ರಕ್ಕೆ ಒಂದು ದಿನ ಇಟ್ಟುಕೊಳ್ಳಿ. ಆದರೆ ಮುಹೂರ್ತ ಸಿಗಲಿಲ್ಲವೆಂದೋ, ಹಲ್ಲು ಬರಲಿಲ್ಲವೆಂದೋ ದಿನನಿತ್ಯದ ಊಟವನ್ನು ಮುಂದೂಡಬೇಡಿ. ಕತ್ತು ನಿಲ್ಲುವುದು, ಆಸರೆ ಕೊಟ್ಟರೆ ಕೂರುವುದು, ಬಾಯಿಗಿಟ್ಟದ್ದನ್ನು ನಾಲಿಗೆ ಹೊರಗೆ ತಳ್ಳದಿರುವುದು, ನೀವು ಉಣ್ಣುವಾಗ ತಟ್ಟೆಗೆ ಕೈ ಚಾಚುವುದು ಕೂಸು ಸಿದ್ಧವಾಗಿರುವುದರ ಗುರುತುಗಳು.

ಕಟ್ಟಿನ ಲೆಕ್ಕ

ಒಂದು ಸರಳ ಲೆಕ್ಕ ಹಾಕೋಣ. ಕೂಸಿನ ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಹಿಡಿಸುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿಲಿ. ಅಂದರೆ 7 ಕಿಲೋ ತೂಗುವ ಕೂಸಿಗೆ ಹೆಚ್ಚೆಂದರೆ 200 ಮಿಲಿ. ಈ ವಯಸ್ಸಿನಲ್ಲಿ ಎದೆಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬರಬೇಕು.

100 ಮಿಲಿ ತಿಳಿಗಂಜಿಯಲ್ಲಿ 8 ಗ್ರಾಂ ಅಕ್ಕಿ ಇದ್ದರೆ ಅದರಿಂದ ಸಿಗುವುದು ಸುಮಾರು 28 ಕಿಲೋಕ್ಯಾಲೊರಿ. ಹೊಟ್ಟೆ ಬಿರಿಯುವಷ್ಟು ಮೂರು ಹೊತ್ತು ಕುಡಿಸಿದರೂ 200 ಮುಟ್ಟುವುದಿಲ್ಲ, ಮೇಲಾಗಿ ಎದೆಹಾಲಿಗೆ ಜಾಗವೇ ಉಳಿಯುವುದಿಲ್ಲ. ಅದೇ 100 ಮಿಲಿಯಲ್ಲಿ 20 ಗ್ರಾಂ ಅಕ್ಕಿ-ಬೇಳೆ ಇದ್ದು, ಒಂದು ಸಣ್ಣ ಚಮಚ ತುಪ್ಪ ಬಿದ್ದರೆ ಸುಮಾರು 115 ಕಿಲೋಕ್ಯಾಲೊರಿ. ಎರಡು ಸಣ್ಣ ಬಟ್ಟಲಿನಲ್ಲಿ ದಿನದ ಲೆಕ್ಕ ಮುಗಿಯಿತು.

ಬೇಳೆಯ ಕಟ್ಟಿನ ಕಥೆಯೂ ಇದೇ. ಬೇಳೆಯ ಪ್ರೋಟೀನು, ಕಬ್ಬಿಣಗಳ ಬಹುಪಾಲು ಪಾತ್ರೆಯ ತಳದ ಬೇಳೆಯಲ್ಲೇ ಉಳಿಯುತ್ತದೆ. ಕೂಸಿಗೆ ನೀರು, ಮನೆಯವರಿಗೆ ಬೇಳೆ ಎಂದಾಗುತ್ತದೆ. ಹಾಗಾಗಿ ಮೆತ್ತಗೆ ಬೆಂದ ಬೇಳೆಯನ್ನೇ ಕಿವುಚಿ ಕೊಡಿ. ಚಮಚವನ್ನು ವಾಲಿಸಿದರೆ ಊಟ ಸುರಿದು ಹೋಗಬಾರದು, ಚಮಚದಲ್ಲೇ ನಿಲ್ಲಬೇಕು. ಅಷ್ಟು ದಪ್ಪವಿದ್ದರೆ ಸರಿ.

ಹಿಟ್ಟಿನ ಗಂಜಿ ಗಟ್ಟಿಯಾದರೆ?

ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಅಂಟಾಗಿ, ಕೂಸಿಗೆ ನುಂಗಲು ಕಷ್ಟವಾಗುತ್ತದೆ. ನೀರು ಹೆಚ್ಚಿಸಿದರೆ ಸತ್ವ ಕಡಿಮೆಯಾಗುತ್ತದೆ. ಇದಕ್ಕೆ ನಮ್ಮ ಅಡುಗೆಮನೆಯಲ್ಲಿ ಹಳೆಯ ಉಪಾಯವೊಂದಿದೆ: ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡುವುದು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೆ, ನುಣುಪಾಗಿ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿ ಶಿಶು ಆಹಾರವನ್ನು ರೂಪಿಸಿದ್ದು ಇದೇ ತತ್ವದ ಮೇಲೆ.

ಮಾಡುವ ಬಗೆ ಸುಲಭ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಉಜ್ಜಿ ಬೇರು ತೆಗೆದು ಬೀಸಿಸಿ. ಹೆಸರುಕಾಳನ್ನೂ ಹೀಗೆಯೇ ಮಾಡಬಹುದು. ಮೊಳಕೆಯಿಂದ ಇನ್ನೊಂದು ಲಾಭವೂ ಇದೆ: ಕಬ್ಬಿಣ ಹೀರಿಕೊಳ್ಳದಂತೆ ತಡೆಯುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ.

ಜೋಳದ ನಾಡಿನವರು ಗಮನಿಸಬೇಕಾದ ಎಚ್ಚರಿಕೆ ಒಂದಿದೆ. ಎಳೆ ಜೋಳದ ಪೈರು ಮೇಯ್ದ ದನಗಳಿಗೆ ವಿಷವಾಗುವುದನ್ನು ರೈತರು ಬಲ್ಲರು. ಪೈರಿನಲ್ಲಿರುವ ಸಯನೈಡ್ ಬಿಡುಗಡೆ ಮಾಡುವ ಅಂಶವೇ ಜೋಳದ ಮೊಳಕೆಯ ಕುಡಿ ಮತ್ತು ಬೇರಿನಲ್ಲೂ ಇರುತ್ತದೆ. ಆದ್ದರಿಂದ ಕೂಸಿಗೆ ಜೋಳದ ಮೊಳಕೆ ಬೇಡ. ಸಾದಾ ಜೋಳದ ನುಚ್ಚು, ಹಿಟ್ಟಿನ ಗಂಜಿ, ಬೇಳೆಯಲ್ಲಿ ನೆನೆಸಿ ಕಿವುಚಿದ ಮೆತ್ತನೆಯ ರೊಟ್ಟಿ ಇವುಗಳಿಂದ ಏನೂ ತೊಂದರೆಯಿಲ್ಲ.

ಬಟ್ಟಲಲ್ಲಿ ಏನಿರಬೇಕು?

ಧಾನ್ಯದ ಜೊತೆ ಬೇಳೆ, ಅದರ ಜೊತೆ ತರಕಾರಿ, ಮೇಲೆ ಸ್ವಲ್ಪ ತುಪ್ಪ ಅಥವಾ ಎಣ್ಣೆ. ಹೆಸರುಬೇಳೆ ಹಾಕಿ ಬೇಯಿಸಿದ ಅನ್ನ, ಗಜ್ಜರಿ, ಕುಂಬಳಕಾಯಿ, ಸೋಸಿದ ಮೆಂತ್ಯೆ ಸೊಪ್ಪು, ಬಾಳೆಹಣ್ಣು, ಪಪ್ಪಾಯಿ ಎಲ್ಲವೂ ಆಗುತ್ತವೆ. ಬೇಳೆಯ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ, ಅಥವಾ ಊಟದ ಜೊತೆ ಬೀಜ ತೆಗೆದ ಪೇರಲದ ತಿರುಳು ಕೊಟ್ಟರೆ, ಅದರಲ್ಲಿರುವ ಸಿ ವಿಟಮಿನ್ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಮಾಂಸಾಹಾರಿಗಳ ಮನೆಯಲ್ಲಿ ಚೆನ್ನಾಗಿ ಬೇಯಿಸಿದ ತತ್ತಿ, ಮೀನು, ನುಣ್ಣಗೆ ಮಾಡಿದ ಮಾಂಸ ಮೊದಲ ತಿಂಗಳಿಂದಲೇ ಇರಲಿ. ಮಾಂಸದಲ್ಲಿರುವ ಕಬ್ಬಿಣ ಕಾಳುಗಳದ್ದಕ್ಕಿಂತ ಸುಲಭವಾಗಿ ದೇಹಕ್ಕೆ ಹತ್ತುತ್ತದೆ.

ಎಷ್ಟು, ಎಷ್ಟು ಸಲ ಎಂಬುದಕ್ಕೆ ಈ ಅಂದಾಜು ಸಾಕು:

- 6-8 ತಿಂಗಳು: ಎರಡು-ಮೂರು ಚಮಚದಿಂದ ಆರಂಭಿಸಿ ಅರ್ಧ ಬಟ್ಟಲಿಗೆ ಏರಿಸಿ; ದಿನಕ್ಕೆ 2-3 ಸಲ.
- 9-11 ತಿಂಗಳು: ಅರ್ಧ ಬಟ್ಟಲು ಅಥವಾ ಸ್ವಲ್ಪ ಹೆಚ್ಚು, 3-4 ಸಲ. ನುಣ್ಣಗೆ ರುಬ್ಬದೆ ಗಂಟುಗಂಟಾಗಿ ಕಿವುಚಿದರೆ ಸಾಕು.
- 1 ವರ್ಷದ ನಂತರ: ಮನೆಮಂದಿಯ ಊಟವೇ, ಖಾರ ಕಡಿಮೆ ಮಾಡಿ, 3-4 ಸಲ, ನಡುವೆ ಒಂದೆರಡು ತಿಂಡಿ.

ಎದೆಹಾಲು ಎರಡು ವರ್ಷ ಅಥವಾ ಅದಕ್ಕೂ ಮುಂದಕ್ಕೆ ಇರಲಿ. ಒಂದು ವರ್ಷದವರೆಗೆ ಕೂಸಿಗೆ ಬೇಕಾದ ಶಕ್ತಿಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಎದೆಹಾಲಿನಿಂದಲೇ ಬರುತ್ತದೆ.

ಎಲ್ಲವನ್ನೂ ತಿಂಗಳುಗಟ್ಟಲೆ ಮಿಕ್ಸಿಗೆ ಹಾಕಬೇಡಿ. ಗಂಟಿರುವ ಊಟವನ್ನು ಹತ್ತು ತಿಂಗಳ ನಂತರವಷ್ಟೇ ಕಂಡ ಮಕ್ಕಳಲ್ಲಿ ಊಟದ ತಕರಾರು ಹೆಚ್ಚು ಎಂದು ಬ್ರಿಟನ್ನಿನ ಬ್ರಿಸ್ಟಲ್ ಭಾಗದ ದೀರ್ಘಕಾಲದ ಅಧ್ಯಯನವೊಂದು ಕಂಡುಕೊಂಡಿದೆ. ಹೊಸ ರುಚಿಯನ್ನು ಕೂಸು ಉಗುಳಿದರೆ "ಇದಕ್ಕೆ ಸೇರುವುದಿಲ್ಲ" ಎಂದು ತೀರ್ಮಾನಿಸಬೇಡಿ. ಎಂಟು-ಹತ್ತು ಸಲ ಕೊಟ್ಟ ಮೇಲೆ ಒಪ್ಪಿಕೊಳ್ಳುವುದು ಸಾಮಾನ್ಯ. ಬಾಯಿ ಮುಚ್ಚಿ ಮುಖ ತಿರುಗಿಸಿತೆಂದರೆ ಆ ಹೊತ್ತಿಗೆ ಸಾಕು, ಒತ್ತಾಯ ಬೇಡ.

ನಂಬಿಕೆ ಮತ್ತು ವಾಸ್ತವ

*"ಜೇನುತುಪ್ಪ ನೆಕ್ಕಿಸಿದರೆ ಮಾತು ಚೆನ್ನಾಗಿ ಬರುತ್ತದೆ."* ಬಜೆಯ ಜೊತೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ವಿಷ ಬಿಡಬಲ್ಲವು. ಜೇನನ್ನು ಕಾಯಿಸಿದರೂ ಈ ಬೀಜಾಣು ಸಾಯುವುದಿಲ್ಲ.

*"ಬಾಳೆಹಣ್ಣು ಶೀತ, ತತ್ತಿ ಉಷ್ಣ."* ನೆಗಡಿ ಬರುವುದು ವೈರಸ್‌ಗಳಿಂದ. ಈ ಕಾರಣಕ್ಕೆ ಹಣ್ಣನ್ನಾಗಲಿ ತತ್ತಿಯನ್ನಾಗಲಿ ಬಿಡಬೇಕಿಲ್ಲ.

*"ಶೇಂಗಾ ಬೇಗ ಕೊಟ್ಟರೆ ಅಲರ್ಜಿ."* 2015ರಲ್ಲಿ ಲಂಡನ್ನಿನಿಂದ ಬಂದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಶಿಶುಗಳಲ್ಲಿ ಶೇಂಗಾ ದೂರವಿಟ್ಟ ಗುಂಪಿನ ನೂರಕ್ಕೆ ಸುಮಾರು 17 ಮಕ್ಕಳಿಗೆ ಐದು ವರ್ಷಕ್ಕೆ ಶೇಂಗಾ ಅಲರ್ಜಿ ಬಂದಿತ್ತು. ಶೈಶವದಿಂದಲೇ ತಿಂದವರಲ್ಲಿ ಸುಮಾರು 3. ಹಾಗಾಗಿ ಹುರಿದು ನುಣ್ಣಗೆ ಪುಡಿ ಮಾಡಿದ ಶೇಂಗಾವನ್ನು ಗಂಜಿಯಲ್ಲಿ ಕಲಸಿ ಕೊಡಬಹುದು. ತೀವ್ರ ಎಕ್ಸಿಮಾ ಇದ್ದರೆ ಅಥವಾ ತತ್ತಿ ಅಲರ್ಜಿ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಇಡೀ ಶೇಂಗಾಕಾಳು, ಪುಟಾಣಿ, ಇಡೀ ದ್ರಾಕ್ಷಿ ಮಾತ್ರ ಯಾವ ಕೂಸಿಗೂ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಾಪಾಯ.

*"ಉಪ್ಪು-ಸಕ್ಕರೆ ಇಲ್ಲದಿದ್ದರೆ ಹೇಗೆ ತಿಂದೀತು?"* ಆ ರುಚಿ ನಮ್ಮ ನಾಲಿಗೆಗೆ ಬೇಕು, ಕೂಸಿಗಲ್ಲ. ಒಂದು ವರ್ಷದವರೆಗೆ ಬೇರೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ನೋಡಲು ಬಂದವರು ಪ್ರೀತಿಯಿಂದ ಬಾಯಿಗಿಡುವ ಪೇಡೆಯ ಚೂರೂ ಇದರಲ್ಲಿ ಸೇರಿತು. ಚಹಾ ಅಂತೂ ಬೇಡ. ಅದು ಕಬ್ಬಿಣ ಹೀರುವುದನ್ನು ತಡೆಯುತ್ತದೆ.

*"ಆಕಳ ಹಾಲು ಕುಡಿದರೆ ಸಾಕು."* ಆಕಳ ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಒಂದು ವರ್ಷದವರೆಗೆ ಎದೆಹಾಲಿನ ಬದಲಿಗೆ ಅದನ್ನು ಕೊಡಬಾರದು. ಊಟದಲ್ಲಿ ಕಲಸುವಷ್ಟು ಮೊಸರು ಆಗಬಹುದು.

*"ಭೇದಿಯಾದಾಗ ಊಟ ನಿಲ್ಲಿಸಬೇಕು."* ನಿಲ್ಲಿಸಿದರೆ ಕೂಸು ಇನ್ನಷ್ಟು ಬಳಲುತ್ತದೆ. ಎದೆಹಾಲು, ಊಟ ಎರಡೂ ಮುಂದುವರಿಯಲಿ. ಜೊತೆಗೆ ಒಆರ್‌ಎಸ್ ಕೊಡಿ. 14 ದಿನ ಕೊಡುವ ಸತುವಿನ ಮಾತ್ರೆಗಳನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ.

ಕೊಡದ ನೀರು

ಮೇಲಿನ ಊಟದ ಜೊತೆಗೇ ಹೊರಗಿನ ನೀರು, ಪಾತ್ರೆ, ಕೈಗಳು ಕೂಸಿನ ಬಾಯಿಗೆ ಮೊದಲ ಬಾರಿ ತಾಗುತ್ತವೆ. ದಿನಗಟ್ಟಲೆ ನಳದ ನೀರು ಕಾಯ್ದು, ಕೊಡ, ಬ್ಯಾರೆಲ್ಲುಗಳಲ್ಲಿ ತುಂಬಿಡುವುದು ಹುಬ್ಬಳ್ಳಿ-ಧಾರವಾಡದವರಿಗೆ ಗೊತ್ತಿರುವ ಮಾತು. ಅವಳಿ ನಗರದ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಂದ ನಂತರ ಸಂಶೋಧಕರು 3,900ಕ್ಕೂ ಹೆಚ್ಚು ಮನೆಗಳನ್ನು ಗಮನಿಸಿ 2015ರಲ್ಲಿ ವರದಿ ಪ್ರಕಟಿಸಿದರು. ನಿರಂತರ ನೀರು ಇದ್ದ ಕಡೆ ಮಕ್ಕಳ ರಕ್ತಭೇದಿ, ಮನೆಯವರ ಟೈಫಾಯ್ಡ್ ಕಡಿಮೆ ಇದ್ದವು. ಆದರೆ ಒಟ್ಟು ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಳ ಸುಧಾರಿಸಿದರಷ್ಟೇ ಸಾಲದು, ಕೈ, ಪಾತ್ರೆ, ಶೌಚದ ಸ್ವಚ್ಛತೆಯೂ ಬೇಕು ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಆದ್ದರಿಂದ ಕೂಸಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಿ. ತುಂಬಿಟ್ಟ ನೀರಿಗೆ ಕೈ ಅದ್ದದಂತೆ ಹಿಡಿಕೆಯುಳ್ಳ ಸೌಟು ಬಳಸಿ. ಅಡುಗೆಗೆ, ಉಣಿಸುವುದಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ, ಕೂಸಿನ ಕೈಯನ್ನೂ ತೊಳೆಯಿರಿ. ಬಟ್ಟಲು-ಚಮಚ ಬಳಸಿ, ಬಾಟಲಿಯ ನಿಪ್ಪಲ್ ಸ್ವಚ್ಛ ಮಾಡುವುದು ಕಷ್ಟ. ಮಾಡಿದ್ದನ್ನು ಎರಡು ತಾಸಿನೊಳಗೆ ಉಣಿಸಿ, ಎಂಜಲನ್ನು ಮುಂದಿನ ಹೊತ್ತಿಗೆ ಇಡಬೇಡಿ.

ಎಲ್ಲಿ ಕೇಳಬೇಕು?

ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಸಿಗುತ್ತದೆ. ರಕ್ತಹೀನತೆ ತಡೆಯಲು 6 ತಿಂಗಳು ತುಂಬಿದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಕೊಡುವ ಸರಕಾರಿ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ತಿಂಗಳು ತೂಕ ಮಾಡಿಸಿ, ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿ.

ತೂಕದ ಗೆರೆ ಎರಡು ತಿಂಗಳು ಏರದಿದ್ದರೆ, ಎಂಟು ತಿಂಗಳಾದರೂ ಕೂಸು ಏನನ್ನೂ ನುಂಗದಿದ್ದರೆ, ಅಂಗೈ ಬಿಳಿಚಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಹೊಸ ಆಹಾರ ತಿಂದ ಮೇಲೆ ಮುಖ ಊದಿದರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಊಟ, ಕಬ್ಬಿಣದ ಔಷಧಿಯ ಲೆಕ್ಕ ಬೇರೆ. ಅದನ್ನು ವೈದ್ಯರೇ ಹೇಳಬೇಕು.

ದುಬಾರಿ ಡಬ್ಬಿಯ ಆಹಾರ ಇಲ್ಲದೆಯೂ ಇದೆಲ್ಲ ಸಾಧ್ಯ. ಮನೆಯಲ್ಲಿ ಇರುವ ಅಕ್ಕಿ, ಜೋಳ, ರಾಗಿ, ಹೆಸರುಬೇಳೆ, ಗಜ್ಜರಿ, ತುಪ್ಪ ಸಾಕು. ಬೇಳೆ ಬೆಂದ ಮೇಲೆ ತಿಳಿನೀರು ಬಸಿಯುವ ಬದಲು ತಳದ ಬೇಳೆಯನ್ನು ಕಿವುಚಿ ಕೂಸಿನ ಬಟ್ಟಲಿಗೆ ಹಾಕುವುದರಿಂದ ಶುರು ಮಾಡಿ.